ಫ್ರೆಂಚ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ? ಸಿಲಬಲ್ ಬಿಡಿಸುವುದು ಹೇಗೆ?

ಮಲ್ಲೇಶ್ವರದ ಓದುಗ

ಎಲ್ಲರಿಗೂ ನಮಸ್ಕಾರ. ಕೆನಡಾ ಪಿಆರ್‌ಗಾಗಿ (ಅಲ್ಲಿ ಕಾಯಂ ವಾಸಕ್ಕೆ ಅನುಮತಿ) ಟಿಇಎಫ್ ಅನ್ನುವ ಫ್ರೆಂಚ್ ಪರೀಕ್ಷೆ ಬರೆಯಬೇಕು ಅಂತ ಫ್ರೆಂಚ್ ಕಲಿಯುತ್ತಿದ್ದೇನೆ. ವ್ಯಾಕರಣ ಹೇಗೋ ತಲೆಗೆ ಹತ್ತುತ್ತಿದೆ. ಕ್ರಿಯಾಪದಗಳನ್ನು ಜೋರಾಗಿ ಓದಬೇಕಾದಾಗಲೇ ಕಷ್ಟ. ‘ಪಾರ್ಲೇ’, ಅಂದರೆ ಮಾತಾಡು, ಅದನ್ನೇ ತಗೊಳ್ಳಿ. ನಾನು, ನೀನು, ಅವನು, ಅವರು, ಈ ನಾಲ್ಕಕ್ಕೆ ಮೂರು ಥರ ಸ್ಪೆಲಿಂಗ್ ಇದೆ. ಕೇಳುವುದು ಮಾತ್ರ ಒಂದೇ, ‘ಪಾರ್ಲ್’. ನಾವು, ನೀವು ಬಂದಾಗ ಇದ್ದಕ್ಕಿದ್ದ ಹಾಗೆ ‘ಪಾರ್ಲೋಂ’, ‘ಪಾರ್ಲೇ’ ಆಗಿಬಿಡುತ್ತದೆ.

ಸ್ಪ್ಯಾನಿಷ್ ಕಲಿತ ಗೆಳೆಯನೊಬ್ಬ ಹೇಳಿದ, ಅಲ್ಲಿ ‘ಆಬ್ಲೋ’ ಅನ್ನುವಾಗ ಮೊದಲ ಸಿಲಬಲ್ ಒತ್ತಿದರೆ ‘ನಾನು ಮಾತಾಡುತ್ತೇನೆ’, ಕೊನೆಯದನ್ನು ಒತ್ತಿದರೆ ‘ಅವನು ಮಾತಾಡಿದ’ ಅಂತ. ಫ್ರೆಂಚಿಗೂ ಹೀಗೇ ಏನಾದರೂ ಇರಬೇಕು ಅಲ್ವಾ? ನನ್ನ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. (ಒತ್ತು ಅಂದರೆ ಒತ್ತಕ್ಷರ ಅಲ್ಲ, ಸ್ಟ್ರೆಸ್, ಒಂದು ಸಿಲಬಲ್‌ಗೆ ಕೊಡುವ ಹೆಚ್ಚಿನ ತೂಕ. ಸಿಲಬಲ್ ಅಂದರೆ ಬಾಯಲ್ಲಿ ಒಂದೇ ಸಲಕ್ಕೆ ಬರುವ ಉಚ್ಚಾರದ ತುಂಡು.)

ಮೈಸೂರು ಫ್ರೆಂಚ್ ಪಾಠ

ಪುಸ್ತಕದಲ್ಲಿ ಇಲ್ಲ, ಯಾಕೆಂದರೆ ಫ್ರೆಂಚಿನಲ್ಲಿ ಒತ್ತು ಕ್ರಿಯಾಪದಕ್ಕೆ ಸೇರಿದ್ದೇ ಅಲ್ಲ. ಯಾವ ಒಂಟಿ ಪದಕ್ಕೂ ಸೇರಿದ್ದಲ್ಲ. ಒಂದೇ ಓಟದಲ್ಲಿ ಹೇಳುವ ಪದಗಳ ಗುಂಪು ಇರುತ್ತದೆ ನೋಡಿ, ಅದರ ಕೊನೆಯ ಸಿಲಬಲ್ ಮೇಲೆ ಅದು ಬೀಳುತ್ತದೆ.

‘ನೂ ಪಾರ್ಲೋಂ’ ಅಂತ ಅಷ್ಟೇ ಹೇಳಿ ನಿಲ್ಲಿಸಿ. ಒತ್ತು ‘ಲೋಂ’ ಮೇಲೆ. ಈಗ ‘ನೂ ಪಾರ್ಲೋಂ ಫ್ರಾಂಸೆ’ ಅನ್ನಿ, ನಾವು ಫ್ರೆಂಚ್ ಮಾತಾಡುತ್ತೇವೆ ಅಂತ. ಒತ್ತು ‘ಸೆ’ಗೆ ಹೋಯಿತು, ‘ಲೋಂ’ ಉಳಿದವುಗಳ ಹಾಗೆ ಮಾಮೂಲಿ ಸಿಲಬಲ್ ಆಯಿತು. ಕ್ರಿಯಾಪದ ಅದೇ, ರೂಪವೂ ಅದೇ. ಮುಂದೆ ಇನ್ನೊಂದು ಪದ ಬಂದ ಕೂಡಲೇ ಅದರ ಒತ್ತು ಹೋಯಿತು. ಹಾಗಾಗಿ ನಿಮ್ಮ ಗೆಳೆಯ ಹೇಳಿದ ಥರದ ಅರ್ಥವ್ಯತ್ಯಾಸ ಫ್ರೆಂಚಿನಲ್ಲಿ ಸಾಧ್ಯವೇ ಇಲ್ಲ.

ಇನ್ನೊಂದು ಮಾತು. ಇಲ್ಲಿ ಒತ್ತು ಅಂದರೆ ಜೋರಾಗಿ ಹೇಳುವುದಲ್ಲ, ಸ್ವಲ್ಪ ಉದ್ದ ಮಾಡುವುದು. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸಿಲಬಲ್‌ಗಳನ್ನು ನುಂಗುತ್ತಾರೆ. ಫ್ರೆಂಚಿನಲ್ಲಿ ಉಳಿದ ಸಿಲಬಲ್‌ಗಳೂ ಸ್ಪಷ್ಟವಾಗಿ, ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಈ ವಿಷಯದಲ್ಲಿ ಕನ್ನಡದವರಿಗೆ ಅನುಕೂಲ ಜಾಸ್ತಿ, ನಾವೂ ಸಿಲಬಲ್‌ಗಳನ್ನು ನುಂಗುವವರಲ್ಲ. ಆದರೆ ನಾವು ಪದದ ಮೊದಲ ಭಾಗಕ್ಕೆ ಸಣ್ಣದೊಂದು ತೂಕ ಕೊಡುತ್ತೇವೆ. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ದಿನಾ ಕೇಳುತ್ತೇನೆ. ಆ ತೂಕ ಬಿಟ್ಟರೆ ಅರ್ಧ ಕೆಲಸ ಆದಂತೆ.

ಪಿಯು ಮಗಳ ಅಮ್ಮ

ಮಗಳು ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದಾಳೆ, ಅದಕ್ಕೇ ಈ ಚರ್ಚೆ ನೋಡುತ್ತಿದ್ದೇನೆ. ‘ಕೊಡು’ ಅನ್ನುವ ಕ್ರಿಯಾಪದಕ್ಕೆ ಎರಡು ಎನ್ ಇದೆಯಲ್ಲ, ಅವಳ ನೋಟ್ಸಿನಲ್ಲಿ ಅದನ್ನು ಎರಡು ಎನ್‌ಗಳ ನಡುವೆ ಬಿಡಿಸಿ ಬರೆಸಿದ್ದಾರೆ, ‘ದೊನ್-ನೇ’ ಅಂತ. ಆಡಿಯೋ ಹಾಕಿದರೆ ‘ದೊ-ನೇ’ ಅಂತಲೇ ಕೇಳಿಸುತ್ತದೆ. ಯಾವುದು ಸರಿ ಸರ್? ಅವಳು ನನ್ನನ್ನು ಕೇಳುತ್ತಾಳೆ, ನನಗೆ ಉತ್ತರ ಗೊತ್ತಿಲ್ಲ.

ಮೈಸೂರು ಫ್ರೆಂಚ್ ಪಾಠ

ಎರಡೂ ಸರಿ ಮೇಡಂ, ಕೆಲಸ ಬೇರೆ ಬೇರೆ. ನೋಟ್ಸಿನಲ್ಲಿರುವುದು ಬರವಣಿಗೆಯ ಸಿಲಬಲ್. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಪದ ತುಂಡು ಮಾಡಬೇಕಾದಾಗ ಜೋಡಿ ವ್ಯಂಜನದ ನಡುವೆ ಅಡ್ಡಗೆರೆ ಹಾಕುತ್ತಾರೆ. ಬಾಯಲ್ಲಿ ಮಾತ್ರ ಒಂದೇ ‘ನ’. ಫ್ರಾನ್ಸಿನ ಶಾಲೆಗಳಲ್ಲೂ ಮಕ್ಕಳಿಗೆ ಬರೆಯುವ ಸಿಲಬಲ್ ಬೇರೆ, ಹೇಳುವ ಸಿಲಬಲ್ ಬೇರೆ ಅಂತ ಹೇಳಿಕೊಡುತ್ತಾರೆ.

ಕನ್ನಡದಲ್ಲಿ ‘ಕತೆ’ ಬೇರೆ ‘ಕತ್ತೆ’ ಬೇರೆ. ಹಾಗಾಗಿ ಎರಡು ಅಕ್ಷರ ಕಂಡ ಕೂಡಲೇ ನಮ್ಮ ನಾಲಿಗೆ ಅದನ್ನು ಜೋಡಿಯಾಗೇ ಹೇಳಿಬಿಡುತ್ತದೆ. ‘ಆಪೆಲ್’ (ಕರೆಯುತ್ತಾನೆ) ಪದಕ್ಕೆ ಎರಡು ಪಿ, ಎರಡು ಎಲ್ ಇವೆ. ಅದನ್ನು ‘ಅಪ್ಪೆಲ್ಲ್’ ಅಂದರೆ ಫ್ರೆಂಚರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ.

ಮಾಂಟ್ರಿಯಲ್ ಕನ್ನಡತಿ

ಸರ್ ಹೇಳಿದ್ದಕ್ಕೆ ಇಲ್ಲಿ ದಿನಾ ಕೇಳುವುದನ್ನು ಸೇರಿಸುತ್ತೇನೆ. ಫ್ರೆಂಚಿನಲ್ಲಿ ಪದದ ಗಡಿ ಕಿವಿಗೆ ಸಿಗುವುದಿಲ್ಲ. ಹಿಂದಿನ ಪದದ ಕೊನೆಯ ವ್ಯಂಜನ ಮುಂದಿನ ಪದದ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಅವನು ಪ್ರೀತಿಸುತ್ತಾನೆ ಅನ್ನುವುದಕ್ಕೆ ‘ಈಲ್’, ‘ಎಮ್’ ಅಂತ ಎರಡು ಪದ ಬರೆಯುತ್ತೇವೆ. ಹೇಳುವುದು ‘ಈ-ಲೆಮ್’. ಬಹುವಚನದಲ್ಲಿ ‘ಈಲ್’ ಪದದ ಕೊನೆಗೆ ಬರೆಯುವ ಮೌನ ಎಸ್‌ಗೆ ಜೀವ ಬಂದು ‘ಈಲ್-ಜ಼ೆಮ್’ ಆಗುತ್ತದೆ. ಅವನೋ ಅವರೋ ಅಂತ ತಿಳಿಯುವುದು ಆ ಒಂದು ‘ಜ಼’ದಿಂದ. ಕ್ರಿಯಾಪದ ಎರಡೂ ಕಡೆ ‘ಎಮ್’ ಅಂತಲೇ ಕೇಳುತ್ತದೆ. ಟಿಇಎಫ್ ಕೇಳುವ ಪರೀಕ್ಷೆಯಲ್ಲಿ ಇದನ್ನು ಹಿಡಿಯುವುದು ಬಹಳ ಮುಖ್ಯ.

ಪ್ರಶ್ನೆ ಕೇಳುವಾಗ ಕ್ರಿಯಾಪದ ಮೊದಲು ಬಂದರೆ ಅಲ್ಲೂ ಹೀಗೇ. ‘ಪಾರ್ಲ್-ತೀಲ್’, ಅವನು ಮಾತಾಡುತ್ತಾನಾ? ಆ ‘ತ’ ಎರಡು ಪದಗಳನ್ನು ಜೋಡಿಸುವುದಕ್ಕೆ ಬಂದದ್ದು. ತಗೊಳ್ಳುತ್ತಾನಾ ಅನ್ನುವುದಕ್ಕೆ ‘ಪ್ರಾಂ-ತೀಲ್’. ಬರೆಯುವಾಗ ಅಲ್ಲಿ ಡಿ ಇದೆ, ಹೇಳುವಾಗ ‘ತ’ ಆಗುತ್ತದೆ.

ಇನ್ನು ಮನೆಮಾತಿನಲ್ಲಿ ‘ನಾನು ಮಾತಾಡುತ್ತೇನೆ’ ಅನ್ನುವುದು ಒಂದೇ ಸಿಲಬಲ್, ‘ಶ್ಪಾರ್ಲ್’! ‘ನಾನು’ ಅನ್ನುವ ಪದದ ಸ್ವರ ಬಿದ್ದುಹೋಗಿ, ಉಳಿದ ‘ಜ಼್’ (ಮೇಲಿನ ‘ಜ಼’ ಅಲ್ಲ, ‘ಶ್’ಗೆ ಹತ್ತಿರದ ದನಿ) ಮುಂದಿನ ‘ಪ’ದ ಪಕ್ಕ ‘ಶ್’ ಆಗುತ್ತದೆ. ಬಸ್ ಸ್ಟಾಪಿನಲ್ಲಿ ನಿಂತು ಕೇಳಿ, ಇದೇ ಸಿಗುತ್ತದೆ.

ಹುಬ್ಬಳ್ಳಿ ಮಂದಿ

ಅಕ್ಕಾ, ಹಂಗಾದರೆ ಪರೀಕ್ಷೆಯಲ್ಲಿ ‘ಶ್ಪಾರ್ಲ್’ ಅಂದರೆ ನಡೆಯುತ್ತದಾ? ನಮ್ಮ ಕ್ಲಾಸಿನಲ್ಲಿ ಪ್ರತಿ ಅಕ್ಷರ ಬಿಡಿಸಿ ಹೇಳಿ ಅಂತಾರೆ.

ಮಾಂಟ್ರಿಯಲ್ ಕನ್ನಡತಿ

ಕೇಳುವುದಕ್ಕೆ ಕಲಿಯಿರಿ, ಹೇಳುವುದಕ್ಕೆ ಅವಸರ ಬೇಡ. ಸ್ಪಷ್ಟವಾಗಿ ‘ಜ಼-ಪಾರ್ಲ್’ ಅಂದರೆ ಯಾರೂ ತಪ್ಪು ಅನ್ನುವುದಿಲ್ಲ. ಆದರೆ ‘ಪಾರ್ಲು’ ಅಂತ ಕೊನೆಗೆ ಉ ಸೇರಿಸಬೇಡಿ. ಬಸ್ಸು, ಕಾರು, ಲೈಟು ಅಂತ ಹೇಳಿ ಹೇಳಿ ನಮ್ಮ ಬಾಯಿ ವ್ಯಂಜನದಲ್ಲಿ ನಿಲ್ಲುವುದಕ್ಕೆ ಒಪ್ಪುವುದಿಲ್ಲ. ಫ್ರೆಂಚಿನಲ್ಲಿ ಆ ಉ ಸೇರಿದರೆ ಒಂದು ಸಿಲಬಲ್ ಜಾಸ್ತಿ ಆಗುತ್ತದೆ, ಅದು ಕೊನೆಯದಾಗಿರುವುದರಿಂದ ಒತ್ತೂ ಅದರ ಮೇಲೆ ಬೀಳುತ್ತದೆ. ಕೇಳುವವರಿಗೆ ಬೇರೆ ಕಾಲದ ರೂಪವೇನೋ ಅನ್ನಿಸುತ್ತದೆ. ಕ್ರಿಯಾಪದದ ಕೊನೆಯಲ್ಲಿ ಸ್ವರ ಕೇಳುತ್ತದಾ ಇಲ್ಲವಾ ಅನ್ನುವುದರ ಮೇಲೇ ಈ ಭಾಷೆಯ ಅರ್ಧ ವ್ಯಾಕರಣ ನಿಂತಿದೆ.

ಮಲ್ಲೇಶ್ವರದ ಓದುಗ

ಬಹಳ ಉಪಯೋಗ ಆಯಿತು. ಒತ್ತು ಗುಂಪಿನ ಕೊನೆಗೆ ಅನ್ನುವುದು ಅರ್ಥವಾಯಿತು. ಆದರೆ ಇನ್ನೊಂದು ಬಾಕಿ ಇದೆ. ಒತ್ತು ಪದಕ್ಕೆ ಸೇರಿದ್ದಲ್ಲ ಅಂದಮೇಲೆ ಕ್ರಿಯಾಪದದ ಹೊಟ್ಟೆಯೊಳಗೆ ಸ್ವರ ಯಾಕೆ ಬದಲಾಗುತ್ತದೆ? ನಾನು ಕೊಳ್ಳುತ್ತೇನೆ ಅನ್ನಲು ‘ಆಶೆತ್’, ನಾವು ಕೊಳ್ಳುತ್ತೇವೆ ಅನ್ನಲು ‘ಆಶ್ತೋಂ’. ಒಂದರಲ್ಲಿ ಎ ಚೆನ್ನಾಗಿ ಕೇಳುತ್ತದೆ, ಇನ್ನೊಂದರಲ್ಲಿ ಮಾಯ. ಕರೆ ಅನ್ನುವುದಕ್ಕೆ ‘ಆಪೆಲ್’, ‘ಆಪ್ಲೋಂ’. ಬೇಕು ಅನ್ನುವ ಅರ್ಥದ್ದು ‘ದ್ವಾ’, ‘ದವೋಂ’. ಎಲ್ಲ ಕಡೆಯೂ ನಾವು, ನೀವು ಎರಡಕ್ಕೇ ಬೇರೆ ಥರ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂತಾರೆ.

ಹಳಗನ್ನಡ ಪ್ರಿಯ

ಈ ಪ್ರಶ್ನೆಗೇ ಕಾಯುತ್ತಿದ್ದೆ. ಇವತ್ತಿನ ಫ್ರೆಂಚಿನಲ್ಲಿ ಪದಕ್ಕೆ ಸ್ವಂತ ಒತ್ತು ಇಲ್ಲ, ನಿಜ. ಆದರೆ ಅದರ ತಾಯಿ ಲ್ಯಾಟಿನ್‌ಗೆ ಇತ್ತು, ಗಟ್ಟಿಯಾಗೇ ಇತ್ತು. ಆ ಒತ್ತು ಎಲ್ಲಿ ಬಿದ್ದಿತ್ತು ಅನ್ನುವುದು ಇವತ್ತಿಗೂ ಕ್ರಿಯಾಪದದ ರೂಪದಲ್ಲಿ ಅಚ್ಚಾಗಿ ಉಳಿದಿದೆ.

‘ದ್ವಾ’ ಮತ್ತು ‘ದವೋಂ’ ತಗೊಳ್ಳಿ. ಲ್ಯಾಟಿನ್‌ನಲ್ಲಿ ‘ಅವನು’ಗೆ ‘ದೇಬೆತ್’, ಒತ್ತು ‘ದೇ’ ಮೇಲೆ. ‘ನಾವು’ಗೆ ‘ದೇಬೇಮುಸ್’, ಒತ್ತು ‘ಬೇ’ ಮೇಲೆ. ಒತ್ತು ಬಿದ್ದ ‘ದೇ’ ಶತಮಾನಗಳು ಕಳೆದಂತೆ ಹಿಗ್ಗಿ ‘ದ್ವಾ’ ಆಯಿತು. ಒತ್ತು ಇಲ್ಲದ ‘ದೇ’ ಸೊರಗಿ ‘ದ’ ಆಯಿತು. ಈಗಂತೂ ಆ ‘ದ’ದ ಸ್ವರವೂ ಮಾತಿನಲ್ಲಿ ಹಾರಿಹೋಗುತ್ತದೆ, ‘ನೂ-ದ್ವೋಂ’ ಅಂತ ಎರಡೇ ಸಿಲಬಲ್. ಒಂದೇ ಧಾತು, ಒತ್ತು ಬಿದ್ದ ಕಡೆ ಒಂದು ದಾರಿ, ಬೀಳದ ಕಡೆ ಇನ್ನೊಂದು ದಾರಿ ಹಿಡಿದಿದೆ.

ಕೊನೆಯ ಪ್ರತ್ಯಯ ಕೇಳುವುದು, ಕೇಳದಿರುವುದಕ್ಕೂ ಇದೇ ಕಾರಣ. ಹಾಡು ಅನ್ನುವ ಧಾತುವಿನಲ್ಲಿ ‘ಅವರು’ಗೆ ಲ್ಯಾಟಿನ್ ‘ಕಾಂತಂತ್’, ಒತ್ತು ಮೊದಲಿಗೆ. ಕೊನೆಯ ‘ಅಂತ್’ಗೆ ಒತ್ತು ಇಲ್ಲದ್ದರಿಂದ ಸವೆದು ಸವೆದು ಇವತ್ತು ಇ-ಎನ್-ಟಿ ಅಂತ ಬರವಣಿಗೆಯಲ್ಲಿ ಮಾತ್ರ ಉಳಿದಿದೆ. ಹೇಳುವುದು ‘ಶಾಂತ್’ ಅಷ್ಟೇ. ‘ನೀವು’ಗೆ ‘ಕಾಂತಾತಿಸ್’, ಒತ್ತು ‘ತಾ’ ಮೇಲೆ. ಅದು ಉಳಿದುಕೊಂಡು ‘ಶಾಂತೇ’ ಆಯಿತು. ಭೂತಕಾಲದ ಒಂದು ರೂಪದಲ್ಲಿ ಕೊನೆಗೆ ಎ-ಐ-ಇ-ಎನ್-ಟಿ ಬರುತ್ತದಲ್ಲ, ಅದನ್ನು ‘ಎ’ ಅಂತ ಹೇಳುತ್ತಾರೆ, ಬಿಟ್ಟುಬಿಡುವುದಿಲ್ಲ. ಅಲ್ಲಿ ಲ್ಯಾಟಿನ್ ಒತ್ತು ಪ್ರತ್ಯಯದ ಮೇಲೇ ಇತ್ತು.

ಹಳೆಯ ಫ್ರೆಂಚಿನಲ್ಲಿ ಇಂಥ ಜೋಡಿ ಇನ್ನೂ ಜಾಸ್ತಿ ಇದ್ದವು. ನೀವು ಮೊದಲು ಕೇಳಿದ ‘ಪಾರ್ಲೇ’ಗೇ ಇತ್ತು! ಅದು ‘ಪರಾಬೊಲಾರೆ’ಯಿಂದ ಬಂದದ್ದು. ‘ಅವನು’ಗೆ ಒತ್ತು ‘ರಾ’ ಮೇಲೆ, ಹಾಗಾಗಿ ಹಳೆಯ ರೂಪ ‘ಪಾರೊಲ್’. ‘ನಾವು’ಗೆ ಒತ್ತು ಮುಂದಕ್ಕೆ ಸರಿದು ನಡುವಿನದೆಲ್ಲ ಉದುರಿ ‘ಪಾರ್ಲೋಂ’. ಆಮೇಲೆ ಜನ ಎರಡು ರೂಪ ಯಾಕೆ ಅಂತ ‘ಪಾರ್ಲೋಂ’ ಜಾಡಿನಲ್ಲೇ ‘ಪಾರ್ಲ್’ ಮಾಡಿಕೊಂಡರು. ‘ಪಾರೊಲ್’ ಮಾತು ಅನ್ನುವ ನಾಮಪದವಾಗಿ ಇಂದಿಗೂ ಬದುಕಿದೆ. ಪ್ರೀತಿಸು ಅನ್ನುವುದರಲ್ಲಿ ಉಲ್ಟಾ ಆಯಿತು. ಹಿಂದೆ ಅವನಿಗೆ ‘ಎಮ್’, ನಮಗೆ ‘ಆಮೋಂ’ ಇತ್ತು. ಗೆದ್ದದ್ದು ‘ಎಮ್’, ಈಗ ನಾವೂ ‘ಎಮೋಂ’ ಅನ್ನುತ್ತೇವೆ. ಎಲ್ಲರೂ ಬಳಸಿ ಬಳಸಿ ಸಮ ಮಾಡಿಕೊಂಡ ಕ್ರಿಯಾಪದಗಳಿಗೆ ‘ನಿಯಮಿತ’ ಅಂತ ಹೆಸರಾಯಿತು. ಸಮ ಆಗದೆ ಉಳಿದವು ನಿಮ್ಮ ಬಾಯಿಪಾಠದ ಪಟ್ಟಿಗೆ ಬಂದವು.

ಹುಬ್ಬಳ್ಳಿ ಮಂದಿ

ಓದಲಿಕ್ಕೆ ಚಲೋ ಅದ ರೀ. ಆದರೆ ಪರೀಕ್ಷೆ ಬರೆಯೋರಿಗೆ ಲ್ಯಾಟಿನ್ ಇತಿಹಾಸ ಯಾಕೆ? ಪಟ್ಟಿ ನೆನಪಿಟ್ಟುಕೊಂಡರೆ ಸಾಕಲ್ಲ.

ಹಳಗನ್ನಡ ಪ್ರಿಯ

ಬೇಕು ಅಂತಲೇ ಹೇಳುತ್ತೇನೆ. ಪಟ್ಟಿಯಲ್ಲಿ ನೂರು ಕ್ರಿಯಾಪದ ಇದ್ದರೆ ನೂರನ್ನೂ ಬೇರೆ ಬೇರೆ ಕಲಿಯಬೇಕು. ಈ ಒಂದು ವಿಷಯ ಗೊತ್ತಿದ್ದರೆ ಹೊಸ ಕ್ರಿಯಾಪದ ಬಂದಾಗ ಎಲ್ಲಿ ಬದಲಾವಣೆ ಇರಬಹುದು ಅಂತ ಮೊದಲೇ ಅಂದಾಜಾಗುತ್ತದೆ. ಪ್ರತ್ಯಯ ಕೇಳಿಸಿದರೆ ಧಾತುವಿನ ಸ್ವರ ಸೊರಗಿರುತ್ತದೆ. ಪ್ರತ್ಯಯ ಮೌನವಾದರೆ ಧಾತುವಿನ ಸ್ವರ ತುಂಬಿಕೊಂಡಿರುತ್ತದೆ. ಏಳು ಅನ್ನುವುದಕ್ಕೆ ‘ಲೆವ್’, ‘ಲವೋಂ’. ಬರು ಅನ್ನುವುದಕ್ಕೆ ಅವರು ‘ವ್ಯೆನ್’, ನಾವು ‘ವನೋಂ’. ಕುಡಿ ಅನ್ನುವುದಕ್ಕೆ ಅವರು ‘ಬ್ವಾವ್’, ನಾವು ‘ಬ್ಯುವೋಂ’. ಎಲ್ಲ ಒಂದೇ ಅಚ್ಚು.

ಪಿಯು ಮಗಳ ಅಮ್ಮ

‘ಆಶೆತ್’ಗೆ ಇ ಮೇಲೆ ಗೆರೆ ಹಾಕುತ್ತಾರೆ, ‘ಆಪೆಲ್’ಗೆ ಎಲ್ ಎರಡು ಮಾಡುತ್ತಾರೆ. ಎರಡೂ ಕಡೆ ಸ್ವರ ಒಂದೇ ಅಲ್ವಾ? ಒಂದು ಅಂಕ ಇದಕ್ಕೇ ಹೋಗುತ್ತದೆ ಪ್ರತಿ ಸಲ.

ಮೈಸೂರು ಫ್ರೆಂಚ್ ಪಾಠ

ಸ್ವರ ಒಂದೇ ಮೇಡಂ. ‘ಇಲ್ಲಿ ಎ ತುಂಬಿಕೊಂಡಿದೆ’ ಅಂತ ಓದುಗರಿಗೆ ತೋರಿಸುವುದಕ್ಕೆ ಎರಡು ಉಪಾಯ ಬಳಕೆಗೆ ಬಂದವು, ಅಷ್ಟೇ. 1990ರಲ್ಲಿ ಕಾಗುಣಿತ ತಿದ್ದುಪಡಿ ಬಂದಾಗ ಇಂಥ ಬಹುತೇಕ ಕ್ರಿಯಾಪದಗಳಿಗೆ ಗೆರೆಯನ್ನೇ ಸೂಚಿಸಿದರು. ‘ಆಪ್ಲೇ’ (ಕರೆ), ‘ಜ಼ತೇ’ (ಎಸೆ) ಮತ್ತು ಇವುಗಳಿಂದ ಹುಟ್ಟಿದ ಪದಗಳಿಗೆ ಮಾತ್ರ ಹಳೆಯ ಜೋಡಿ ಅಕ್ಷರ ಉಳಿಸಿದರು. ಹಳೆಯದೂ ಹೊಸದೂ ಎರಡೂ ಚಲಾವಣೆಯಲ್ಲಿವೆ. ಮಗಳಿಗೆ ಪಠ್ಯಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಬರೆಯಲು ಹೇಳಿ.

ಇ-ಎನ್-ಟಿ ವಿಷಯಕ್ಕೆ ಫ್ರೆಂಚ್ ಮೇಷ್ಟ್ರುಗಳು ಎಲ್ಲರೂ ಹೇಳುವ ಒಂದು ವಾಕ್ಯ ಇದೆ. ಮಠದ ಕೋಳಿಗಳು ಕಾವು ಕೂತಿವೆ ಅಂತ ಅರ್ಥ. ‘ಲೇ ಪೂಲ್ ದ್ಯು ಕೂವಾಂ ಕೂವ್.’ ಮಠ, ಕಾವು ಕೂರುತ್ತವೆ, ಈ ಎರಡು ಪದಗಳ ಸ್ಪೆಲಿಂಗ್ ಅಕ್ಷರ ಬಿಡದೆ ಒಂದೇ. ನಾಮಪದ ‘ಕೂವಾಂ’ ಎರಡು ಸಿಲಬಲ್, ಕ್ರಿಯಾಪದ ‘ಕೂವ್’ ಒಂದೇ. ಮಗಳಿಗೆ ಇದನ್ನು ಹೇಳಿಕೊಡಿ, ಮರೆಯುವುದಿಲ್ಲ.

ಮಲ್ಲೇಶ್ವರದ ಓದುಗ

ಭವಿಷ್ಯತ್ ಕಾಲದ ಬಗ್ಗೆಯೂ ಹೇಳಿ ಸರ್. ‘ಪಾರ್-ಲ-ರೇ’ ಅಂತ ಮೂರು ಸಿಲಬಲ್ ಕೇಳುತ್ತದೆ, ‘ದೊನ್-ರೇ’ ಎರಡೇ. ಬರೆಯುವಾಗ ಎರಡರಲ್ಲೂ ನಡುವೆ ಇ ಇದೆ.

ಮೈಸೂರು ಫ್ರೆಂಚ್ ಪಾಠ

ಒಳ್ಳೆ ಕಿವಿ ನಿಮ್ಮದು. ಭವಿಷ್ಯತ್ ರೂಪ ಹುಟ್ಟಿದ್ದು ಮೂಲ ಕ್ರಿಯಾಪದಕ್ಕೆ ‘ಇದೆ’ ಅನ್ನುವ ಅರ್ಥದ ಇನ್ನೊಂದು ಕ್ರಿಯಾಪದ ಅಂಟಿಕೊಂಡು. ಹಾಗಾಗಿ ಒತ್ತು ಯಾವತ್ತೂ ಕೊನೆಗೇ ಇತ್ತು, ಎಲ್ಲ ಪುರುಷಗಳಲ್ಲೂ ಕೊನೆಯ ಸ್ವರ ಕೇಳಿಸುತ್ತದೆ. ನಡುವಿನ ಇ ಸೊರಗಿದ ಸ್ವರ. ತುಟಿ ಸ್ವಲ್ಪ ದುಂಡಗೆ ಮಾಡಿ ‘ಅ’ ಅಂದ ಹಾಗೆ. ಅದು ಉಳಿಯುತ್ತದಾ ಬೀಳುತ್ತದಾ ಅನ್ನುವುದಕ್ಕೆ ಮೋರಿಸ್ ಗ್ರಾಮೋಂ ಅನ್ನುವ ಭಾಷಾವಿಜ್ಞಾನಿ ‘ಮೂರು ವ್ಯಂಜನದ ನಿಯಮ’ ಅಂತ ಒಂದು ಕೊಟ್ಟರು. ಸ್ವರ ಬಿದ್ದರೆ ಮೂರು ವ್ಯಂಜನ ಒಟ್ಟಿಗೆ ಬಂದು ಸಿಕ್ಕಿಕೊಳ್ಳುತ್ತವೆ ಅಂದರೆ ಸ್ವರ ಉಳಿಯುತ್ತದೆ. ‘ಪಾರ್ಲರೇ’ಯಲ್ಲಿ ಅದನ್ನು ಬೀಳಿಸಿದರೆ ರ್, ಲ್, ರ್ ಮೂರು ಸಾಲಾಗಿ ಬರುತ್ತವೆ, ಅದಕ್ಕೇ ಉಳಿದಿದೆ. ‘ದೊನ್ರೇ’ಯಲ್ಲಿ ನ್, ರ್ ಎರಡೇ, ನಾಲಿಗೆಗೆ ಕಷ್ಟವಿಲ್ಲ.

ಅದೇ ಕ್ರಿಯಾಪದದಲ್ಲಿ ‘ನೀವು ಕೊಡುತ್ತೀರಿ’ ಅನ್ನುವ ಭವಿಷ್ಯತ್ ‘ದೊನ್-ರೇ’, ‘ನೀವು ಕೊಡುತ್ತಿದ್ದಿರಿ, ಹಾಗಿದ್ದಿದ್ದರೆ’ ಅನ್ನುವ ರೂಪ ‘ದೊ-ನ-ರ್ಯೇ’. ಎರಡನೆಯದರಲ್ಲಿ ನ್, ರ್ ಜೊತೆಗೆ ಯ್ ಸೇರಿ ಮೂರಾಗುತ್ತದೆ. ಬಿದ್ದುಹೋಗಿದ್ದ ಸ್ವರ ಮತ್ತೆ ಎದ್ದು ಬರುತ್ತದೆ. ಇದನ್ನು ಜೋರಾಗಿ ಹೇಳಿ ನೋಡಿ, ನಿಯಮ ಓದದೆಯೂ ನಾಲಿಗೆಗೇ ಗೊತ್ತಾಗುತ್ತದೆ. ಇನ್ನೊಂದು ಇದರ ಅಣ್ಣ ತಮ್ಮ ಥರದ್ದು: ‘ನಾವು ಬಯಸುತ್ತಿದ್ದೆವು’ ‘ವೂ-ಲ್ಯೋಂ’ ಎರಡು ಸಿಲಬಲ್. ‘ನಮಗೆ ಬೇಕಿತ್ತು’ ಅಂತ ಮರ್ಯಾದೆಯಿಂದ ಕೇಳುವಾಗ ‘ವೂ-ದ್ರಿ-ಯೋಂ’ ಮೂರು. ‘ದ್ರ’ ಆದಮೇಲೆ ನೇರವಾಗಿ ‘ಯ’ ಬರಲಾರದು, ನಡುವೆ ‘ಇ’ ಬೇಕು. ಹೋಟೆಲಿನಲ್ಲಿ ಆರ್ಡರ್ ಮಾಡುವಾಗ ಇದೇ ರೂಪ ಬೇಕಾಗುತ್ತದೆ, ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ.

ಹಳಗನ್ನಡ ಪ್ರಿಯ

ಪದ್ಯದ ಮಾತು ಬರದೆ ಈ ಚರ್ಚೆ ಪೂರ್ತಿ ಆಗುವುದಿಲ್ಲ. ಮಾತಿನಲ್ಲಿ ಸತ್ತ ಇ-ಎನ್-ಟಿ ಹಳೆಯ ಛಂದಸ್ಸಿನಲ್ಲಿ ಜೀವಂತ. ‘ಈಲ್ ಪಾರ್ಲ್’ (ಅವರು ಮಾತಾಡುತ್ತಾರೆ) ಸಾಲಿನ ನಡುವೆ ಬಂದರೆ ‘ಪಾರ್-ಲ’ ಅಂತ ಎರಡಾಗಿ ಲೆಕ್ಕಕ್ಕೆ ಸೇರುತ್ತದೆ. ಸಾಲಿನ ಕೊನೆಯಲ್ಲಿ ಬಂದರೆ ಆ ‘ಲ’ ಲೆಕ್ಕಕ್ಕಿಲ್ಲ. ಅಲೆಕ್ಸಾಂದ್ರೀನ್ ಅನ್ನುವ ಅವರ ದೊಡ್ಡ ಛಂದಸ್ಸಿಗೆ ಸಾಲಿಗೆ 12 ಸಿಲಬಲ್, 6 ಆದಮೇಲೆ ಯತಿ. ನಮ್ಮ ಉತ್ಪಲಮಾಲೆಗೆ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21. ನಮ್ಮದರಲ್ಲಿ ಯಾವುದು ಗುರು, ಯಾವುದು ಲಘು ಅನ್ನುವುದೂ ಗಟ್ಟಿ. ಅವರದರಲ್ಲಿ ಎಣಿಕೆ ಮತ್ತು ಯತಿ ಮುಖ್ಯ. ಗುರು ಲಘು ಕಟ್ಟುವುದಕ್ಕೆ ಬೇಕಾದ ಉದ್ದ ಗಿಡ್ಡ ಅವರ ಸಿಲಬಲ್‌ಗಳಲ್ಲಿ ಹುಟ್ಟಿನಿಂದ ಇಲ್ಲ. ನಮ್ಮಲ್ಲಿ ‘ಬಳೆ’, ‘ಬಾಳೆ’ ಬೇರೆ. ಅಲ್ಲಿ ಉದ್ದ ಅನ್ನುವುದು ಗುಂಪಿನಲ್ಲಿ ಎಲ್ಲಿ ಕೂತಿದೆ ಅನ್ನುವುದರಿಂದ ಬರುವಂಥದ್ದು.

ಮಾಂಟ್ರಿಯಲ್ ಕನ್ನಡತಿ

ಉದ್ದದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ವ್, ಜ಼್, ರ್ ಥರದ ವ್ಯಂಜನ ಕೊನೆಗೆ ಇದ್ದರೆ ಒತ್ತು ಬಿದ್ದ ಸ್ವರ ಇನ್ನೂ ಉದ್ದ ಆಗುತ್ತದೆ. ಅವನು ಏಳುತ್ತಾನೆ ಅಂತ ‘ಈಲ್ ಸ ಲೆವ್’ ಅನ್ನುವಾಗ ಆ ಎ ಎಳೆದು ಬರುತ್ತದೆ. ‘ಈಲ್ ಸ ಲೆವ್ ತೋ’, ಬೇಗ ಏಳುತ್ತಾನೆ ಅಂದಾಗ ಎ ಗಿಡ್ಡ ಆಗುತ್ತದೆ, ಒತ್ತು ‘ತೋ’ಗೆ ಹೋಯಿತಲ್ಲ. ‘ಆಶೆತ್’ನಲ್ಲಿ ‘ತ್’ ಇರುವುದರಿಂದ ಅಷ್ಟು ಎಳೆಯುವುದಿಲ್ಲ. ಇಲ್ಲಿ ಕ್ವಿಬೆಕ್‌ನಲ್ಲಿ (ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯ) ಉದ್ದ ಸ್ವರವನ್ನು ಎರಡು ಸ್ವರ ಸೇರಿದ ಹಾಗೆ ಹೊರಳಿಸುತ್ತಾರೆ. ಫ್ರಾನ್ಸಿನ ಆಡಿಯೋ ಕೇಳಿ ಬಂದವರು ಮೊದಲು ಗೊಂದಲ ಪಡುತ್ತಾರೆ. ಫ್ರಾನ್ಸಿನಲ್ಲೂ ಎಲ್ಲ ಕಡೆ ಒಂದೇ ಥರ ಇಲ್ಲ. ದಕ್ಷಿಣದ ತುಲೂಸ್, ಮಾರ್ಸೇಯ್ ಕಡೆಯವರು ಮಾತಿನಲ್ಲೂ ‘ಪಾರ್-ಲ’ ಅಂತ ಕೊನೆಯ ಸ್ವರ ಹೇಳುತ್ತಾರೆ. ಆದರೂ ಒತ್ತು ‘ಪಾರ್’ ಮೇಲೆಯೇ. ಸೊರಗಿದ ಸ್ವರ ಕೇಳಿಸಿದರೂ ಒತ್ತು ಹೊರುವುದಿಲ್ಲ.

ಮಲ್ಲೇಶ್ವರದ ಓದುಗ

ಸೊರಗಿದ ಸ್ವರ ಯಾವತ್ತೂ ಒತ್ತು ಹೊರುವುದಿಲ್ಲ ಅಂತ ಬರೆದುಕೊಳ್ಳಬಹುದಾ?

ಮೈಸೂರು ಫ್ರೆಂಚ್ ಪಾಠ

ಒಂದು ಕಡೆ ಹೊರುತ್ತದೆ, ಅದೂ ಕ್ರಿಯಾಪದದ ಜೊತೆಗೇ. ‘ಅದನ್ನು ತಗೊಳ್ಳುತ್ತೇನೆ’ ಅನ್ನುವಾಗ ‘ಜ಼ ಲ ಪ್ರಾಂ’. ‘ಲ’ ಅಂದರೆ ಅದನ್ನು. ಕ್ರಿಯಾಪದದ ಮುಂಚೆ ಇದೆ, ಸೊರಗಿದೆ, ವೇಗದ ಮಾತಿನಲ್ಲಿ ಬಿದ್ದೂ ಹೋಗುತ್ತದೆ. ಈಗ ‘ತಗೋ ಅದನ್ನ’ ಅಂತ ಆಜ್ಞೆ ಮಾಡಿ: ‘ಪ್ರಾಂ-ಲ’. ಗುಂಪಿನ ಕೊನೆ ಈಗ ಆ ‘ಲ’. ಒತ್ತು ಅದರ ಮೇಲೆ ಬೀಳಲೇಬೇಕು, ಬೀಳುತ್ತದೆ. ಹಾಗಾಗಿ ಅದನ್ನು ನುಂಗುವ ಹಾಗಿಲ್ಲ, ತುಟಿ ದುಂಡಗೆ ಮಾಡಿ ಪೂರ್ತಿ ಹೇಳಬೇಕು. ‘ನನ್ನನ್ನು’ ಅನ್ನುವ ಪದದ ಕತೆ ಇನ್ನೂ ಚೆಂದ. ಕ್ರಿಯಾಪದದ ಮುಂಚೆ ಬಂದರೆ ‘ಮ’. ಆಜ್ಞೆಯಲ್ಲಿ ಕೊನೆಗೆ ಬಂದರೆ ಒತ್ತು ಹೊರುವುದಕ್ಕೆ ‘ಮ್ವಾ’ ಆಗಿಬಿಡುತ್ತದೆ: ‘ರಗಾರ್ದ್-ಮ್ವಾ’, ನೋಡು ನನ್ನನ್ನ. ಮೇಲೆ ‘ದೇ’ ಹಿಗ್ಗಿ ‘ದ್ವಾ’ ಆಯಿತು ಅಂದರಲ್ಲ, ‘ಮೇ’ ಹಿಗ್ಗಿ ‘ಮ್ವಾ’ ಆದದ್ದೂ ಅದೇ ದಾರಿಯಲ್ಲಿ.

ಪಿಯು ಮಗಳ ಅಮ್ಮ

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ‘ಬೇಡ, ತಗೋಬೇಡ ಅದನ್ನ’ ಅಂದರೆ ಏನಾಗುತ್ತದೆ ಅಂತ ಕೇಳುತ್ತಿದ್ದಾಳೆ ಸರ್.

ಮೈಸೂರು ಫ್ರೆಂಚ್ ಪಾಠ

‘ನ ಲ ಪ್ರಾಂ ಪಾ.’ ‘ಲ’ ವಾಪಸ್ ಕ್ರಿಯಾಪದದ ಮುಂಚೆ ಹೋಯಿತು, ಮತ್ತೆ ಸೊರಗಿತು. ಒತ್ತು ಕೊನೆಯ ‘ಪಾ’ ಮೇಲೆ. ಮಾತಾಡುವಾಗ ಮೊದಲಿನ ‘ನ’ವನ್ನೂ ಬಿಟ್ಟು ‘ಲ ಪ್ರಾಂ ಪಾ’ ಅಂತಾರೆ, ಬರೆಯುವಾಗ ಮಾತ್ರ ಬಿಡಬೇಡ ಅಂತ ಹೇಳಿ ಅವಳಿಗೆ.